ಮಡಚಿದ ತುದಿ

ಆಗಸ್ಟ್ ಹದಿನೆಂಟು, ಸೋಮವಾರ. ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಬಾಗಲಗುಂಟೆ ಠಾಣೆಗೆ ಸಂಗಮೇಶ ಎಂಬಾತ ದೂರು ತಂದ. ಊರು ಕುಷ್ಟಗಿ ಕಡೆ, ನಾಗಸಂದ್ರದಲ್ಲಿ ವೆಲ್ಡಿಂಗ್ ಅಂಗಡಿ. ಇನ್ಸ್‌ಪೆಕ್ಟರ್ ಶಾಂತಲಾ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ.

"ನಮ್ಮಕ್ಕ ದಾನವ್ವನ ಮೂರು ಬೆರಳು ತಗದಾರ್ರಿ ಮೇಡಂ. ಜ್ವರ, ವಾಂತಿ ಅಂತ ದವಾಖಾನಿಗೆ ಹೋದಾಕಿ. ರಟ್ಟಿಗೆ ಸೂಜಿ ಮಾಡಿದ್ರು. ಬೆಳಗಾಗೂದ್ರಾಗ ಬೆರಳು ಕರ್‍ರಗಾದ್ವು."

"ಯಾವತ್ತು?"

"ಜುಲೈ ಇಪ್ಪತ್ತು, ಆಯಿತವಾರ ರಾತ್ರಿ."

"ಇಷ್ಟು ದಿನ ಯಾಕೆ ಬರಲಿಲ್ಲ? ಅಕ್ಕ ಎಲ್ಲಿ?"

"ಅಕ್ಕ ಬ್ಯಾಡ ಅಂತಾಳ್ರಿ. ಆದದ್ದು ಆತು, ಪೊಲೀಸರ ಸಹವಾಸ ಬ್ಯಾಡ ಅಂತಾಳ. ಗಾರ್ಮೆಂಟ್ಸ್‌ನಾಗ ಟೇಲರ್ ಅದಾಳ್ರಿ ಆಕಿ. ಬಲಗೈ. ನೀವಽ ಹೇಳ್ರಿ, ಇನ್ನ ಏನ್ ಹೊಲಿತಾಳ?"

ಸರ್ಕಾರಿ ಆಸ್ಪತ್ರೆಯ ವೈದ್ಯರು ಕೊಟ್ಟ ವರದಿ ದೂರಿನ ಜೊತೆಗಿತ್ತು. ಅಭಿಧಮನಿಗೆ ಕೊಡುವ ಔಷಧಿ ತಪ್ಪಿ ಅಪಧಮನಿಗೆ ಹೋಗಿ, ಬೆರಳುಗಳಿಗೆ ರಕ್ತ ನಿಂತಿತ್ತು. ಸೂಜಿ ಕೊಟ್ಟದ್ದು ಮಾಸ್ಕ್ ಹಾಕಿದ್ದ ಎಳೆ ವಯಸ್ಸಿನ ಲೇಡಿ ಡಾಕ್ಟರ್ ಎಂದು ಸಂಗಮೇಶ ಬರೆದಿದ್ದ. ನರ್ಸಿಂಗ್ ಹೋಮಿನವರು ಅಂಥವರು ತಮ್ಮಲ್ಲಿ ಇಲ್ಲವೇ ಇಲ್ಲ ಎಂದು ಅವನನ್ನು ಹೊರಗೆ ಕಳಿಸಿದ್ದರು.

ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ): ನಿರ್ಲಕ್ಷ್ಯದಿಂದ ತೀವ್ರ ಗಾಯ. ಸಂಗಮೇಶ ಹೋದ ಮೇಲೂ ಶಾಂತಲಾ ಆ ಒಂದು ಮಾತಿನಲ್ಲೇ ಇದ್ದರು. ಬೆರಳು ಕಳೆದುಕೊಂಡವಳು ದೂರು ಬೇಡ ಎನ್ನುತ್ತಾಳೆ. ಹೆದರಿಕೆ ಇರಬಹುದು. ಆದರೆ ಹೆದರಿದ ಹೆಂಗಸರು ಸಾಮಾನ್ಯವಾಗಿ ತಮ್ಮನನ್ನೂ ಬಾಯಿ ಮುಚ್ಚಿಸುತ್ತಾರೆ. ಇವಳು ಅವನನ್ನು ತಡೆಯಲೂ ಇಲ್ಲ, ಜೊತೆಗೆ ಬರಲೂ ಇಲ್ಲ.

ಮಧ್ಯಾಹ್ನ ಹೆಸರಘಟ್ಟ ರಸ್ತೆಯ ಆ ನರ್ಸಿಂಗ್ ಹೋಮಿಗೆ ಹೋದರು. ಕೆಳಗೆ ಔಷಧಿ ಅಂಗಡಿ, ಮೇಲೆ ಎಂಟು ಹಾಸಿಗೆ. ಪಂಚಸಾಕ್ಷಿಗಳಾಗಿ ಪಕ್ಕದ ಜ್ಯೂಸ್ ಅಂಗಡಿಯವನೂ ಎದುರಿನ ಚಪ್ಪಲಿ ಅಂಗಡಿಯವನೂ ಬಂದರು. ಹೆಡ್ ಕಾನ್‌ಸ್ಟೆಬಲ್ ನರಸಿಂಹಯ್ಯ ಪಂಚನಾಮೆ ಬರೆಯತೊಡಗಿದರು. ಒಡೆಯ ಡಾ. ಮಹೇಂದ್ರ ಎಲ್ಲರಿಗೂ ಕಾಫಿ ತರಿಸಲು ಹೇಳಿದರು. ಶಾಂತಲಾ ಬೇಡವೆಂದರು.

"ಆ ರಾತ್ರಿ ದಾನವ್ವನಿಗೆ ಸೂಜಿ ಕೊಟ್ಟದ್ದು ಯಾರು?"

"ನಾನೇ ಮೇಡಂ."

"ಲೇಡಿ ಡಾಕ್ಟರ್ ಅಂತ ದೂರಿದೆ."

"ಜ್ವರದಲ್ಲಿ ಇದ್ದವರು, ಏನೋ ಹೇಳ್ತಾರೆ."

"ಸಿಸಿಟಿವಿ?"

"ಕೆಟ್ಟು ತಿಂಗಳಾಯ್ತು."

"ರಾತ್ರಿಗೆ ಡ್ಯೂಟಿ ಡಾಕ್ಟರ್ ಇಟ್ಟಿಲ್ವಾ?"

"ಚಿಕ್ಕ ಜಾಗ ಮೇಡಂ. ಹಗಲೂ ನಾನೇ, ರಾತ್ರಿನೂ ನಾನೇ."

ನರಸಿಂಹಯ್ಯ ಬರೆಯುತ್ತಲೇ ಗೊಣಗಿದರು. "ಇಂಗಾದ್ರೆ ಇವ್ರು ನಿದ್ದೆ ಯಾವಾಗ ಮಾಡ್ತಾರೋ, ಅದ್ನೂ ಬರ್ಕೊಳ್ಳಾ ಮೇಡಂ?"

ವಾರ್ಡಿನಲ್ಲಿ ಮುದುಕರೊಬ್ಬರಿಗೆ ಡ್ರಿಪ್ ಹಾಕಿತ್ತು. ಸೂಜಿ ಹಿಡಿದಿಡಲು ಅಂಟಿಸಿದ್ದ ಬಿಳಿ ಪ್ಲಾಸ್ಟರ್ ಮೇಲೆ ಶಾಂತಲಾರ ಕಣ್ಣು ನಿಂತಿತು. ಪ್ರತಿ ಪಟ್ಟಿಯ ತುದಿಯನ್ನೂ ಉಗುರಗಲ ಒಳಕ್ಕೆ ಮಡಚಿ ಚಿಕ್ಕ ಕಿವಿಯಂತೆ ಬಿಟ್ಟಿದ್ದರು. ಹಿಡಿದು ಎತ್ತಿದರೆ ಚರ್ಮ ಕೆರೆಯದೆ ಬರುತ್ತದೆ. ಹೋದ ವರ್ಷ ಆಸ್ಪತ್ರೆಯಲ್ಲಿ ತಾಯಿಯ ಕೈಯ ಪ್ಲಾಸ್ಟರ್ ಕೀಳುವಾಗ ತೆಳು ಚರ್ಮವೂ ಜೊತೆಗೆ ಬಂದದ್ದು ಅವರಿಗೆ ನೆನಪಾಯಿತು.

"ಇದು ನೀವು ಹಾಕಿದ್ದಾ?"

ನರ್ಸ್ ರಮ್ಯ ಹೌದೆಂದು ತಲೆಯಾಡಿಸಿದಳು.

"ತುದಿ ಮಡಚೋದು ಯಾರು ಕಲಿಸಿದ್ರು?"

ಅವಳು ಮಹೇಂದ್ರರನ್ನು ನೋಡಿದಳು. "ಕಾಲೇಜಲ್ಲಿ ಮೇಡಂ."

"ಬರೀರಿ ನರಸಿಂಹಯ್ಯ. ಪ್ಲಾಸ್ಟರ್ ತುದಿ ಮಡಚಿದೆ."

"ಇದ್ನೂನಾ?"

"ಇದನ್ನೂ."

ಮರುದಿನ ಹನ್ನೊಂದಕ್ಕೆ ಶಾಂತಲಾ ದಾನವ್ವನ ಮನೆಗೆ ಹೋದರು. ವಠಾರದ ಕೊನೆಯ ಮನೆ. ಮುಂದೊಂದು ಕೋಣೆ, ಪರದೆಯ ಹಿಂದೆ ಅಡುಗೆಮನೆ. ಮಗಳು ರಕ್ಷಾ ಪಿಯುಸಿ ಓದುತ್ತಿದ್ದಳು. ತಾಯಿಗೆ ನೀರು ಕುಡಿಸಿ, ಲೋಟ ಒರೆಸಿಟ್ಟು, ಗೋಡೆಗೆ ಆನಿಕೊಂಡು ನಿಂತಳು. ಕೋಣೆಯ ಮೂಲೆಯಲ್ಲಿ ಹೊಲಿಗೆ ಯಂತ್ರವಿತ್ತು. ಅದರ ಮೇಲೆ ಬೆಡ್‌ಶೀಟ್ ಹೊದಿಸಿ ನಾಲ್ಕೂ ಕಡೆ ಒಳಗೆ ಸಿಕ್ಕಿಸಿದ್ದರು, ಮಲಗಿದವರಿಗೆ ಹೊದಿಸುವ ಹಾಗೆ.

"ಆ ಡಾಕ್ಟರ್ ಮತ್ತೆ ಸಿಕ್ಕರೆ ಗುರುತು ಹಿಡೀತೀರಾ?"

"ಮಾರಿ ಮುಚ್ಚಿದ್ಳಲ್ರಿ."

"ಏನಾದ್ರೂ ಮಾತಾಡಿದ್ರಾ?"

"ಇರುವೆ ಕಚ್ಚಿದಷ್ಟೇ ಅಕ್ಕಾ, ಆ ಕಡೆ ನೋಡಿ ಅಂದ್ಳು. ಆಮ್ಯಾಲ ಕೈಗೆ ಬೆಂಕಿ ಹಚ್ಚಿದಂಗಾತು."

ಅಷ್ಟು ಹೇಳಿ, ಹೇಳಬಾರದಿತ್ತು ಎಂಬಂತೆ ತುಟಿ ಒಳಕ್ಕೆ ಎಳೆದುಕೊಂಡಳು. ಅದನ್ನು ಬರೆದುಕೊಂಡು ಶಾಂತಲಾ ಬಲಗೈ ತೋರಿಸಲು ಕೇಳಿದರು. ಸೆರಗಿನ ಒಳಗಿಂದ ಕೈ ನಿಧಾನ ಹೊರಬಂತು. ಕಟ್ಟು ಬೆಳ್ಳಗೆ, ಹೊಸದಾಗಿತ್ತು. ಹೆಬ್ಬೆರಳೂ ಕಿರುಬೆರಳೂ ಮಾತ್ರ ಹೊರಗೆ. ಕಟ್ಟಿನ ಕೊನೆಗೆ ಅಂಟಿಸಿದ್ದ ಪ್ಲಾಸ್ಟರಿನ ತುದಿ ಉಗುರಗಲ ಮಡಚಿತ್ತು.

"ಇದನ್ನ ಯಾರು ಕಟ್ಟಿದ್ದು?"

ತಾಯಿಗಿಂತ ಮೊದಲು ರಕ್ಷಾ ಹೇಳಿದಳು. "ಆರೋಗ್ಯ ಕೇಂದ್ರದ ಸಿಸ್ಟರ್ ಬರ್ತಾರ್ರಿ. ದಿನಾ ಬಿಟ್ಟು ದಿನಾ, ಸಂಜೀಮುಂದ. ನಿನ್ನಿ ಬಂದಿದ್ರು. ರೊಕ್ಕ ಏನೂ ತಗೊಳ್ಳಂಗಿಲ್ಲ."

ದಾನವ್ವ ಮಗಳ ಕಡೆ ನೋಡಲಿಲ್ಲ. ಯಂತ್ರದ ಕಡೆ ನೋಡಿದಳು.

ನರಸಿಂಹಯ್ಯ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಿ ಬಂದರು. ಆ ಬೀದಿಗೆ ಡ್ರೆಸಿಂಗ್ ಮಾಡಲು ಅವರು ಯಾರನ್ನೂ ಕಳಿಸಿರಲಿಲ್ಲ. ಸಂಜೆಗೆ ಮಹೇಂದ್ರರ ಮೊಬೈಲ್ ವಿವರವೂ ಬಂತು. ಜುಲೈ ಇಪ್ಪತ್ತರ ರಾತ್ರಿಯಿಡೀ ಅವರ ಫೋನ್ ತುಮಕೂರಿನಲ್ಲಿತ್ತು. ರಮ್ಯಳನ್ನು ಠಾಣೆಗೆ ಕರೆಸಿ, ಮಹಿಳಾ ಕಾನ್‌ಸ್ಟೆಬಲ್ ಪಕ್ಕದಲ್ಲಿ ಕೂರಿಸಿ ತುದಿ ಮಡಚಲು ಕಲಿಸಿದ್ದು ಯಾರೆಂಬ ಅದೇ ಪ್ರಶ್ನೆ ಕೇಳಿದಾಗ ಅವಳು ಅತ್ತಳು.

"ಪವಿತ್ರಾ ಮೇಡಂ ಕಲಿಸಿದ್ದು. ರಾತ್ರಿ ಡ್ಯೂಟಿಗೆ ಬರ್ತಿದ್ರು. ನಾವೆಲ್ಲಾ ಡಾಕ್ಟ್ರು ಅಂತಲೇ ಅನ್ಕೊಂಡಿದ್ವಿ. ರೋಗಿಗಳು ಇಲ್ಲದಾಗ ಪುಸ್ತಕ ಇಟ್ಕೊಂಡು ಓದ್ತಾ ಕೂತಿರೋರು. ಡಾಕ್ಟರಾದ ಮೇಲೂ ಇಷ್ಟು ಓದ್ಬೇಕಾ ಅಂತ ತಮಾಷೆ ಮಾಡ್ತಿದ್ದೆ."

"ಅವರೇನಂದ್ರು?"

"ನಗ್ಲಿಲ್ಲ ಮೇಡಂ."

ಆ ರಾತ್ರಿಯ ನಂತರ ಪವಿತ್ರಾಳ ಫೋನ್ ಬಂದ್ ಆಗಿತ್ತು. ಮನೆ ಎಲ್ಲಿ ಎಂದು ರಮ್ಯಳಿಗೆ ಗೊತ್ತಿರಲಿಲ್ಲ. ರಾತ್ರಿಯಾಗುವ ಮೊದಲು ಮಹೇಂದ್ರರ ಬಂಧನವಾಯಿತು. ಆ ಹುಡುಗಿ ಡಿಗ್ರಿ ಮುಗಿಸಿದ್ದೇನೆಂದು ತನಗೆ ಮೋಸ ಮಾಡಿದಳು, ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದು ಅವರು ಹೇಳಿಕೆ ಕೊಟ್ಟರು. ಪ್ರಕರಣಕ್ಕೆ ಸೋಗು ಹಾಕಿ ವಂಚಿಸಿದ ಕಲಂ 319 ಸೇರಿತು.

ಬುಧವಾರ ಸಂಜೆ ಐದಕ್ಕೆ ಶಾಂತಲಾ ಮತ್ತೆ ದಾನವ್ವನ ಮನೆಗೆ ಹೋದರು. ನರಸಿಂಹಯ್ಯ ಮಫ್ತಿಯಲ್ಲಿ ವಠಾರದ ಮುಂದಿನ ಟೀ ಅಂಗಡಿಯಲ್ಲಿ ಕೂತರು.

"ಇವತ್ತು ಸಿಸ್ಟರ್ ಬರೋ ದಿನ ಅಲ್ವಾ? ನಾನು ಒಳಗೆ ಕೂತಿರ್ತೀನಿ. ನೀವು ಏನೂ ಹೇಳ್ಬೇಡಿ."

"ಆಕಿ ಪಾಪದ ಹುಡುಗಿ ಐತ್ರಿ," ಎಂದಳು ದಾನವ್ವ.

ಅದನ್ನು ಕೇಳಿದ ಕ್ಷಣ ಶಾಂತಲಾರಿಗೆ ತಿಳಿಯಿತು. ಆ ಸಿಸ್ಟರ್ ಯಾರೆಂದು ಇವಳಿಗೆ ಗೊತ್ತಿದೆ. ಮೊದಲ ದಿನವೇ ಗೊತ್ತಾಗಿರಬೇಕು. ಕೈ ಕೆಡಿಸಿದವಳ ಮುಂದೆಯೇ ಮತ್ತೆ ಕೈ ಚಾಚಿ ಇಷ್ಟು ಸಂಜೆ ಕೂತಿದ್ದಾಳೆ.

ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ವಾಸನೆಯಿತ್ತು. ಶಾಂತಲಾ ಪರದೆಯ ಹಿಂದೆ, ನೀರಿನ ಕೊಡದ ಪಕ್ಕ ಮಣೆಯ ಮೇಲೆ ಕೂತರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಪೊದೆಯ ಹಿಂದೆ, ಲಾರಿಯ ಕೆಳಗೆ ಕಾದದ್ದುಂಟು. ಇನ್ನೊಬ್ಬ ಹೆಂಗಸಿನ ಒಲೆಯ ಮುಂದೆ ಹೀಗೆ ಅಡಗಿ ಕೂತದ್ದು ಇದೇ ಮೊದಲು. ಕಳ್ಳತನಕ್ಕೆ ಬಂದವಳ ಹಾಗೆ ಕೊಡದ ಮೇಲಿನ ತಟ್ಟೆಯನ್ನು ಸದ್ದಾಗದಂತೆ ಸರಿಸಿದರು.

ಆರು ಗಂಟೆ ದಾಟಿದ ಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

"ಸಾರಿ ಅಕ್ಕಾ, ಹೆಬ್ಬಾಳದಲ್ಲಿ ಬಸ್ ಅಲ್ಲಾಡ್ಲೇ ಇಲ್ಲ. ಜ್ವರ ಬಂದಿಲ್ಲ ತಾನೆ? ರಕ್ಷಾ, ನೀರು ಕುದಿಸಿ ಆರಿಸಿದ್ಯಾ?"

"ಹೂಂ ಅಕ್ಕ. ಇವತ್ತ ರೊಟ್ಟಿನೂ ಬಡದೀನಿ."

"ಆಕಿ ರೊಟ್ಟಿ ನೋಡಬ್ಯಾಡ ತಂಗಿ," ಎಂದಳು ದಾನವ್ವ. "ಒಂದು ಮೂಲಿ ಬೀದರಕ್ಕ ಹೋಗೇತಿ, ಒಂದು ಚಾಮರಾಜನಗರಕ್ಕ."

ಬಂದವಳು ನಕ್ಕಳು. ಬೆಂಗಳೂರಿನ ಬೀದಿಯಲ್ಲಿ ಆಡಿ ಬೆಳೆದವರ ಕನ್ನಡ. ಪರದೆಯ ಸಂದಿಯಲ್ಲಿ ಶಾಂತಲಾರಿಗೆ ಅವಳ ಬೆನ್ನು, ನೀಟಾಗಿ ಹೆಣೆದ ಜಡೆ, ಕಾಲೇಜು ಚೀಲ ಕಂಡವು. ಕಟ್ಟು ಬಿಚ್ಚುವ ಸದ್ದು, ಬಟ್ಟಲಿಗೆ ನೀರು ಸುರಿಯುವ ಸದ್ದು.

"ಬೇಗನ ಮುಗಿಸು ತಂಗಿ. ಇವತ್ತ ಚಾ ಬ್ಯಾಡ. ಲಗೂನ ಹೋಗು."

"ಯಾಕಕ್ಕಾ?"

"ಮಂದಿ ಬರೋರದಾರ."

"ಇದನ್ನ ಅವಸರದಲ್ಲಿ ಮಾಡೋಕಾಗಲ್ಲ. ಹೊಲಿಗೆ ಹತ್ರ ಬಟ್ಟೆ ಸ್ವಲ್ಪ ಅಂಟಿದೆ. ಇರುವೆ ಕಚ್ಚಿದಷ್ಟೇ ಅಕ್ಕಾ. ಆ ಕಡೆ ನೋಡಿ."

ಗುರುತು ಸಿಕ್ಕಿತು. ಇನ್ನು ಕೂರಲು ಕಾರಣವಿರಲಿಲ್ಲ. ಶಾಂತಲಾ ಪರದೆ ಸರಿಸಿ ಹೊರಬಂದರು.

ಹುಡುಗಿ ಖಾಕಿ ನೋಡಿದಳು. ಏಳಲಿಲ್ಲ. ಅವಳ ಎರಡೂ ಕೈ ದಾನವ್ವನ ತೆರೆದ ಕೈಯನ್ನು ಹಿಡಿದಿದ್ದವು. ಮೂರು ಬೆರಳಿರಬೇಕಾದ ಕಡೆ ಕೆಂಪಗೆ ಹೊಲಿದ ಅಂಚು. ರಕ್ಷಾಳ ಕೈಯ ಬಟ್ಟಲು ಅಲ್ಲಾಡಿತು.

"ಪವಿತ್ರಾ ನೀವೇನಾ?"

"ಹೌದು ಮೇಡಂ." ಮಾಸ್ಕಿನ ಮೇಲೆ ಕಣ್ಣು ತುಂಬಿತ್ತು, ದನಿ ಮಾತ್ರ ಸ್ಥಿರವಾಗಿತ್ತು. "ಸ್ವಲ್ಪ ಟೈಮ್ ಕೊಡಿ. ಬಿಚ್ಚಿದ ಗಾಯ ಹಾಗೇ ಬಿಡಬಾರ್ದು."

ಶಾಂತಲಾ ಗೋಡೆಗೆ ಒರಗಿ ಕೂತರು. ದಾನವ್ವ ಹುಡುಗಿಯ ನೆತ್ತಿಯನ್ನೇ ನೋಡುತ್ತಿದ್ದಳು, ಹುಡುಗಿ ಗಾಯದಿಂದ ಕಣ್ಣೆತ್ತಲಿಲ್ಲ. ಬಾಗಿಲಲ್ಲಿ ನರಸಿಂಹಯ್ಯ ಕಾಣಿಸಿಕೊಂಡರು.

"ಮೇಡಂ, ಒತ್ತು ಮುಳುಗ್ತಾ ಐತೆ. ಆಮೇಲೆ ಎಣ್ಮಕ್ಳನ್ನ ಅರೆಸ್ಟ್ ಮಾಡಂಗಿಲ್ಲ."

"ಗೊತ್ತು."

"ಈಗ್ಲೇ ಒಂದ್ ಮಾತು ಏಳ್ಬುಟ್ರೆ ಆಗೋಯ್ತದೆ."

ಸೂರ್ಯಾಸ್ತದ ನಂತರ ಬೇಕೇಬೇಕೆಂದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಈಗ ಒಂದು ಮಾತು ಆಡಿದರೆ ಯಾವುದೂ ಬೇಡ. ಶಾಂತಲಾ ಆ ಮಾತು ಆಡಲಿಲ್ಲ. ಹುಡುಗಿ ಕಟ್ಟು ಸುತ್ತಿ, ಪ್ಲಾಸ್ಟರ್ ಕತ್ತರಿಸಿ, ತುದಿ ಮಡಚಿ ಅಂಟಿಸುವ ಹೊತ್ತಿಗೆ ಎದುರು ಮನೆಯ ದೀಪ ಹತ್ತಿತ್ತು.

ಹಾಜರಾಗುವ ನೋಟಿಸ್ ಕೊಟ್ಟು, ಕಾಲೇಜು ಗುರುತಿನ ಚೀಟಿ ಇಟ್ಟುಕೊಂಡು, ಬೆಳಗ್ಗೆ ಏಳಕ್ಕೆ ಠಾಣೆಗೆ ಬರುವಂತೆ ಹೇಳಿ ಕಳಿಸಿದರು. ಚೀಟಿಯಲ್ಲಿ ಹೆಸರು ಪಬಿತ್ರಾ ಬೋಹರಾ ಎಂದಿತ್ತು. ಎಂಬಿಬಿಎಸ್ ಮೂರನೇ ವರ್ಷ, ಯಲಹಂಕ ಕಡೆಯ ಖಾಸಗಿ ಕಾಲೇಜು. ದೇಶ: ನೇಪಾಳ.

ಜೀಪಿನಲ್ಲಿ ನರಸಿಂಹಯ್ಯ ಹೇಳಿದರು. "ರೈಲು ಅತ್ಬುಟ್ರೆ ಏನ್ ಮಾಡ್ತೀರಾ ಮೇಡಂ? ಅವರ ದೇಸಕ್ಕೆ ಓಗಕ್ಕೆ ಪಾಸ್‌ಪೋರ್ಟೂ ಬೇಡ."

ಅದೇ ಮಾತು ಶಾಂತಲಾರನ್ನು ಮನೆಗೂ ಹಿಂಬಾಲಿಸಿತು. ಅವಳು ಓಡಿಹೋದರೆ ತಪ್ಪು ತನ್ನದು. ಓಡಿಹೋಗದೆ ಬಂದರೆ, ಬಂದವಳನ್ನು ಒಳಗೆ ಹಾಕುವುದೂ ತನ್ನ ಕೈಯೇ. ಯಾವುದನ್ನು ಬಯಸುತ್ತಿದ್ದೇನೆ ಎಂದು ಅವರು ತಮ್ಮನ್ನು ಕೇಳಿಕೊಳ್ಳಲಿಲ್ಲ.

ಗುರುವಾರ ಬೆಳಗ್ಗೆ ಅವರು ಠಾಣೆಗೆ ಬಂದಾಗ ಪಬಿತ್ರಾ ಆಗಲೇ ಬೆಂಚಿನ ಮೇಲಿದ್ದಳು. ಪಕ್ಕದಲ್ಲಿ ತಂದೆ. ಕೋಗಿಲು ಕ್ರಾಸ್ ಬಳಿ ಮೋಮೋ ಗಾಡಿ ಇಟ್ಟವರು. ಅಂಗಿಯ ತೋಳಿನ ಮೇಲೆ ಮೈದಾ ಹಿಟ್ಟಿನ ಕಲೆಯಿತ್ತು. ಕನ್ನಡ ಬರುತ್ತಿತ್ತು, ಆದರೂ ಬರೀ ಕೈ ಮುಗಿದರು. ಏಳೂಕಾಲಕ್ಕೆ ಬಂಧನದ ಮೆಮೊಗೆ ಸಹಿಯಾಯಿತು. ಅವಳು ಸಹಿ ಹಾಕಿ ಪೆನ್ನನ್ನು ತಂದೆಗೆ ಕೊಟ್ಟಳು.

"ಯಾವಾಗ ಬೆಂಗಳೂರಿಗೆ ಬಂದ್ರಿ?"

"ಎರಡು ವರ್ಷದವಳಿದ್ದಾಗ. ಕೆಂಪಾಪುರದ ಸರ್ಕಾರಿ ಶಾಲೆಲಿ ಓದಿದ್ದು. ಅಲ್ಲಿ ನಾನು ಪವಿತ್ರಾ."

"ನರ್ಸಿಂಗ್ ಹೋಮಿಗೆ ಯಾಕೆ ಸೇರಿದ್ರಿ?"

"ಎರಡು ವರ್ಷದ ಫೀಸ್ ಅಣ್ಣ ಕತಾರ್‌ನಿಂದ ಕಳಿಸ್ದ. ಅವನ ಕಂಪನಿ ಮುಚ್ಚಿತು. ಫೀಸ್ ಕಟ್ಟದೆ ಹಾಲ್ ಟಿಕೆಟ್ ಕೊಡಲ್ಲ ಅಂದ್ರು. ಸ್ಕಾಲರ್‌ಶಿಪ್ ಇಲ್ಲಿಯವರಿಗೆ ಮಾತ್ರ. ನೇಪಾಳದ್ದು ಅಲ್ಲಿ ಓದಿದವರಿಗೆ." ಸ್ವಲ್ಪ ತಡೆದಳು. "ಬಾರ್ಡರ್‌ನಲ್ಲಿ ನಮ್ಮನ್ನ ಯಾರೂ ಏನೂ ಕೇಳಲ್ಲ ಮೇಡಂ. ಬ್ಯಾಂಕಲ್ಲಿ ಕೇಳ್ತಾರೆ."

"ಮಹೇಂದ್ರಗೆ ನೀವು ಸ್ಟೂಡೆಂಟ್ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಕಡಿಮೆ ಕೊಡ್ತಿದ್ರು."

"ಆ ರಾತ್ರಿ ಏನಾಯ್ತು?"

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ಅವಳ ವಿರುದ್ಧ ನಿಲ್ಲುವುದಿಲ್ಲ ಎಂದು ಶಾಂತಲಾ ಮೊದಲೇ ತಿಳಿಸಿದ್ದರು. ಹುಡುಗಿಗೆ ಅದು ಬೇಕಾದಂತೆ ಕಾಣಲಿಲ್ಲ.

"ಮೊದಲು ಮಾತ್ರೆ ಕೊಟ್ಟೆ. ಆಮೇಲೆ ಸೂಜಿ. ಸೂಜಿ ಚುಚ್ಚಿ ಪಿಸ್ಟನ್ ಸ್ವಲ್ಪ ಹಿಂದಕ್ಕೆಳೆದಾಗ ಸಿರಿಂಜಿಗೆ ರಕ್ತ ಬರುತ್ತೆ. ಅದು ಕಡುಕೆಂಪು ಇರ್ಬೇಕು. ತಿಳಿಗೆಂಪು ಬಂತು. ಅಂದ್ರೆ ತಪ್ಪು ಜಾಗ. ನಂಗೆ ಗೊತ್ತಿತ್ತು ಮೇಡಂ, ಪರೀಕ್ಷೆಲಿ ಬರೆದಿದ್ದೆ. ನೋಡಿದೆ. ತೆಗೆದು ಮತ್ತೆ ಚುಚ್ಚಿದ್ರೆ ಡಾಕ್ಟರಿಗೆ ಬರಲ್ಲ ಅನ್ಕೋತಾರೆ ಅನ್ನಿಸ್ತು. ಲೈಟ್‌ಗೆ ಹಾಗೆ ಕಾಣ್ತಿದೆ ಅಂದ್ಕೊಂಡು ಒತ್ತಿದೆ. ಅಕ್ಕ ಕಿರುಚಿದ ಮೇಲೆ ನಿಲ್ಲಿಸಿದೆ."

"ಡ್ರೆಸಿಂಗ್‌ಗೆ ಬಂದದ್ದು ಯಾಕೆ? ಬರದೇ ಇದ್ದಿದ್ರೆ ನೀವು ಸಿಗ್ತಿರಲಿಲ್ಲ."

ಅವಳು ಯೋಚಿಸಿದಳು. "ಇನ್ನೇನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಇದು ಮಾತ್ರ ಸರಿಯಾಗಿ ಬರುತ್ತೆ ನಂಗೆ."

ಹತ್ತು ಗಂಟೆಗೆ ದಾನವ್ವ ಬಂದಳು, ಕರೆಸದೆಯೇ. ಜೊತೆಗೆ ರಕ್ಷಾ. ಅಷ್ಟು ದೂರದಲ್ಲಿ ಸಂಗಮೇಶ, ಮುಖ ಬಿಗಿದುಕೊಂಡು.

"ಹೇಳಿಕಿ ಕೊಡಬೇಕ್ರಿ."

"ಹೇಳಿ. ಆ ರಾತ್ರಿ ಸೂಜಿ ಮಾಡಿದ್ದು ಇವರೇನಾ?"

ದಾನವ್ವ ಬೆಂಚಿನ ಕಡೆ ತಿರುಗಿ ನೋಡಿದಳು. "ಹೌದ್ರಿ, ಈಕೀನ. ಮನಿಗೆ ಬಂದ ಮೊದಲ್ನೇ ದಿನಾನ ಗುರುತು ಸಿಕ್ತು."

"ಯಾಕೆ ಹೇಳಲಿಲ್ಲ?"

"ಇನ್ನೊಂದು ಬರಕೋರಿ ಮೊದಲ. ಆಕಿ ಗುಳಿಗಿ ಕೊಟ್ಟಿದ್ಳು. ಎರಡು ದಿನ ಮನ್ಯಾಗ ಇರು ಅಂದ್ಳು. ನಾನಽ ಗುಳಿಗಿ ವಾಪಸ್ ಇಟ್ಟು, ಸೂಜಿ ಮಾಡಂದೆ. ಬೆಳಿಗ್ಗಿ ಫ್ಯಾಕ್ಟರಿಗೆ ಹೋಗಬೇಕಿತ್ತು, ಒಂದಿನ ತಪ್ಪಿದ್ರ ಹಾಜರಿ ಬೋನಸ್ ಹೋಗ್ತದ. ಸೂಜಿ ಮಾಡಾಕ ಬರಂಗಿಲ್ಲೇನು, ಎಂಥ ಡಾಕ್ಟರಿಣಿ ನೀ ಅಂದೆ." ಅವಳು ಎಡಗೈಯಿಂದ ಮೂಗು ಒರೆಸಿಕೊಂಡಳು. "ಎಲ್ಲಾರ ಮುಂದ ಅಂದೆ."

ಸಂಗಮೇಶ ನೆಲ ನೋಡಿದ. ಅವನಿಗೆ ಇದು ಗೊತ್ತಿರಲಿಲ್ಲ.

"ದಾನವ್ವ, ಅದು ಕೇಸಿಗೆ ಬೇಕಾಗಲ್ಲ. ನೀವು ಕೇಳಿದ್ರೂ ಅವರು ಕೊಡಬಾರದಿತ್ತು."

"ಕೇಸಿಗೆ ಬ್ಯಾಡಿರಬೇಕ್ರಿ. ನನಗ ಬೇಕಾಗೇತಿ."

ಶಾಂತಲಾ ಬರೆದುಕೊಂಡರು, ಅವಳ ಮಾತಿನಲ್ಲೇ. ಸಹಿಗೆ ಬಲಗೈ ಇಲ್ಲ, ಎಡ ಹೆಬ್ಬೆಟ್ಟು ಒತ್ತಬೇಕು. ನರಸಿಂಹಯ್ಯ ಇಂಕ್ ಪ್ಯಾಡ್ ಹುಡುಕಲು ಹೋದರು. ಹೋಗುವ ಮುನ್ನ ಕೇಸ್ ಡೈರಿ ಮುಂದಿಟ್ಟರು. ಕೃತ್ಯದ ಉದ್ದೇಶ ಎಂಬಲ್ಲಿ ಎಂದಿನಂತೆ 'ಹಣದ ಆಸೆಯಿಂದ' ಎಂದು ಬರೆದಿದ್ದರು. ಶಾಂತಲಾ ಅದನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ 'ಕಾಲೇಜು ಶುಲ್ಕ ಕಟ್ಟುವ ಸಲುವಾಗಿ' ಎಂದು ಬರೆದು ಚಿಕ್ಕ ಸಹಿ ಹಾಕಿದರು. ಕಲಂ ಬದಲಾಗಲಿಲ್ಲ. ಜಾಮೀನು ಸಿಗುವ ಕಲಂಗಳೇ. ಕಾಲೇಜಿಗೆ ಮಾತ್ರ ಮಧ್ಯಾಹ್ನವೇ ಪತ್ರ ಹೋಗಬೇಕಿತ್ತು. ಅದರ ಉತ್ತರ ಏನು ಬರುವುದೆಂದು ಠಾಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬರುವಾಗ ಬಸ್ಸಿನ ನೂಕುನುಗ್ಗಲಿನಲ್ಲಿ ದಾನವ್ವನ ಕಟ್ಟಿನ ಕೊನೆ ಸಡಿಲಾಗಿತ್ತು. ಬೆಂಚಿನಿಂದ ಪಬಿತ್ರಾ ಅದನ್ನೇ ನೋಡುತ್ತಿದ್ದಳು. ಎದ್ದಳು, ಕಾನ್‌ಸ್ಟೆಬಲ್ ಕಡೆ ನೋಡಿ ಮತ್ತೆ ಕೂತಳು. ದಾನವ್ವ ತಾನೇ ಎದ್ದು ಹೋಗಿ ಅವಳ ಪಕ್ಕ ಕೂತು, ಕೈ ಮುಂದೆ ಇಟ್ಟಳು.

ಕಾನ್‌ಸ್ಟೆಬಲ್ ಶಾಂತಲಾರ ಮುಖ ನೋಡಿದಳು. ಶಾಂತಲಾ ಡೈರಿಯ ಪುಟ ತಿರುವಿದರು.

"ರಕ್ಷಾ, ಇಲ್ಲಿ ಬಾ," ಎಂದಳು ಪಬಿತ್ರಾ. "ನಾಳೆ ನೀನೇ ಮಾಡ್ಬೇಕು. ತುದಿ ಇಷ್ಟು ಮಡಚು. ಇಲ್ಲಾಂದ್ರೆ ಕೀಳುವಾಗ ಅಮ್ಮಂಗೆ ನೋವಾಗುತ್ತೆ."

ರಕ್ಷಾ ಬಗ್ಗಿ, ಪ್ಲಾಸ್ಟರಿನ ತುದಿ ಹಿಡಿದು ಮಡಚಿದಳು. ಸೊಟ್ಟಗಾಯಿತು. ಬಿಚ್ಚಿ, ಇನ್ನೊಮ್ಮೆ ಮಡಚಿದಳು.